ಜಾಮ್ ಬಾಟಲಿ ಅಂಗಡಿ ಹತ್ತಬೇಕಾದರೆ

ಪ್ರಶ್ನೆ: ಮೇಡಂ, ನಮ್ಮದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. 2025ರಲ್ಲಿ ಆಂಧ್ರದ ಚಿತ್ತೂರಿನವರು ನಮ್ಮ ತೋತಾಪುರಿ ಮಾವು ಒಳಗೆ ಬಿಡದೆ ಬೆಲೆ ಬಿದ್ದಾಗಿನಿಂದ ನಮ್ಮ ಸ್ತ್ರೀಶಕ್ತಿ ಸಂಘದವರು ಮಾವಿನ ಜಾಮ್ ಮಾಡುತ್ತಿದ್ದೇವೆ. ಕಿಲೊ ತಿರುಳಿಗೆ ಅರ್ಧ ಕಿಲೊ ಸಕ್ಕರೆ. ಸಂತೆಯಲ್ಲಿ ಚೆನ್ನಾಗಿ ಹೋಗುತ್ತದೆ. ಬೆಂಗಳೂರಿನ ಅಂಗಡಿಯವರೊಬ್ಬರು ಮಾತ್ರ ಬಾಟಲಿ ತಿರುಗಿಸಿ ನೋಡಿ, "ಲೇಬಲ್ ಸರಿಯಿಲ್ಲ" ಅಂತ ವಾಪಸ್ ಕೊಟ್ಟರು. ಮಳೆಗಾಲದಲ್ಲಿ ಎರಡು ಬಾಟಲಿ ಬೂಷ್ಟು ಹಿಡಿದಿದ್ದೂ ಉಂಟು. ಲೇಬಲ್‌ಗೆ ಏನೇನು ಬೇಕು?
— ಓದುಗಿ, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಲೇಬಲ್ ಆಮೇಲೆ ನೋಡೋಣ ತಾಯಿ, ಮೊದಲು ಪಾತ್ರೆಗೆ ಬನ್ನಿ. ಬೂಷ್ಟಿನ ವಿಷಯವನ್ನು ಕೊನೆಗೆ ಸೇರಿಸಿದ್ದೀರಿ, ನನಗೆ ಮುಖ್ಯವಾಗಿ ಕಂಡದ್ದು ಅದೇ.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಜಾಮ್ ಅನ್ನಿಸಿಕೊಳ್ಳಲು ಎರಡು ಲೆಕ್ಕ ಕೂಡಬೇಕು. ಹಣ್ಣು ನೂರಕ್ಕೆ 45 ಪಾಲಿಗೆ ಕಡಿಮೆ ಇರಬಾರದು. ಕರಗಿದ ಘನಾಂಶ, ಅಂದರೆ ಬಹುಪಾಲು ಸಕ್ಕರೆ, ನೂರಕ್ಕೆ 65ಕ್ಕೆ ಕಡಿಮೆ ಇರಬಾರದು. ಹಣ್ಣಿನ ಲೆಕ್ಕದಲ್ಲಿ ನೀವು ಧಾರಾಳವಾಗಿ ಪಾಸು. ಎಡವಿರುವುದು 65ರಲ್ಲಿ.

ಮಾಗಿದ ತೋತಾಪುರಿ ತಿರುಳು ಒಂದು ಕಿಲೊ ಇದ್ದರೆ ಅದರಲ್ಲಿ ಕರಗಿದ ಅಂಶ ಸುಮಾರು 150 ಗ್ರಾಂ. ನಿಮ್ಮ ಸಕ್ಕರೆ 500. ಎರಡೂ ಸೇರಿ 650. ಇದು ನೂರಕ್ಕೆ 65 ಆಗಬೇಕಾದರೆ ಒಲೆಯಿಂದ ಇಳಿಸುವಾಗ ಜಾಮ್ ಸರಿಯಾಗಿ ಒಂದು ಕಿಲೊ ತೂಗಬೇಕು. ನೂರು ಗ್ರಾಂ ಹೆಚ್ಚು ತೂಗಿದರೆ ಬರುವುದು 59 ಮಾತ್ರ. ಬೂಷ್ಟಿಗೆ ಅಷ್ಟು ನೀರಿನ ಪಸೆ ಸಾಕು. ಬರಿ ಪಾತ್ರೆಯ ತೂಕ ಮೊದಲೇ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ, ಇಳಿಸುವ ಮುನ್ನ ಪಾತ್ರೆ ಸಮೇತ ತೂಗಿ ಕಳೆಯಿರಿ. ನನ್ನ ಮಾತು ಕೇಳುವುದಾದರೆ ಸಕ್ಕರೆ ಮುಕ್ಕಾಲು ಕಿಲೊ ಮಾಡಿ. ಆಗ 1.3 ಕಿಲೊ ಇರುವಾಗಲೇ ಇಳಿಸಬಹುದು, 69ರ ಹತ್ತಿರ ಬರುತ್ತದೆ. ಹೆಚ್ಚು ಕುದಿಸದೆ ಇರುವುದರಿಂದ ಬಣ್ಣವೂ ಉಳಿಯುತ್ತದೆ, ಬಾಟಲಿಯೂ ಹೆಚ್ಚು ತುಂಬುತ್ತದೆ. ಕೈಯಲ್ಲಿ ಹಿಡಿದು ನೋಡುವ ರಿಫ್ರಾಕ್ಟೋಮೀಟರ್ ಒಂದನ್ನು ಸಂಘದ ದುಡ್ಡಲ್ಲಿ ಕೊಳ್ಳಿ. ಹನಿ ತಣ್ಣಗಾದ ಮೇಲೆ ಗಾಜಿನ ಮೇಲೆ ಇಟ್ಟು ಬೆಳಕಿಗೆ ಹಿಡಿದರೆ ಕರಗಿದ ಅಂಶ ನೂರಕ್ಕೆ ಎಷ್ಟು ಎಂಬ ಅಂಕಿ ಕಾಣುತ್ತದೆ.

ಇನ್ನೊಂದು ಎಚ್ಚರ. ಜಾಮ್ 105 ಡಿಗ್ರಿಗೆ ಬಂದಾಗ ಇಳಿಸಿ ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅದು ಸಮುದ್ರದ ಮಟ್ಟದ ಲೆಕ್ಕ. ಕೋಲಾರದ ಕಡೆ ನಾವಿರುವುದು ಎಂಟುನೂರು ಮೀಟರಿಗೂ ಮೇಲೆ, ನೀರೇ 97ರ ಸುಮಾರಿಗೆ ಕುದಿಯುತ್ತದೆ. ಜಾಮ್ 102ರ ಹೊತ್ತಿಗೇ ಹದಕ್ಕೆ ಬಂದಿರುತ್ತದೆ. ನನ್ನ ತರಬೇತಿಗೆ ಬರುವ ಹೆಣ್ಣುಮಕ್ಕಳು ಥರ್ಮಾಮೀಟರ್ ನೋಡುತ್ತಾ 105ಕ್ಕೆ ಕಾಯುತ್ತಾರೆ. ಅಷ್ಟರಲ್ಲಿ ಪಾಕ ಏರಿ, ಬಣ್ಣ ಕಂದಾಗಿ, ಸೌಟು ಎತ್ತಿದರೆ ಪಾತ್ರೆಯೂ ಜೊತೆಗೆ ಬರುತ್ತದೆ.

ಈಗ ಲೇಬಲ್. ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ 14 ಅಂಕಿಯ ನಂಬರ್ ಪಡೆಯಿರಿ. ವಹಿವಾಟು ಸಣ್ಣದಾದರೆ ನೋಂದಣಿ, ದೊಡ್ಡದಾದರೆ ಲೈಸೆನ್ಸ್. ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ತೂಕದಲ್ಲಿ ಹೆಚ್ಚಿರುವುದು ಮೊದಲು ಬರುವಂತೆ ಪದಾರ್ಥಗಳ ಪಟ್ಟಿ, ಪೋಷಕಾಂಶದ ಕೋಷ್ಟಕ, ಬ್ಯಾಚ್ ನಂಬರ್, ತಯಾರಿಸಿದ ದಿನ, ಯಾವಾಗಿನೊಳಗೆ ಬಳಸಬೇಕು, ವಿಳಾಸ, ಇವೆಲ್ಲ ಬೇಕು. ಅಳತೆ-ತೂಕದ ಇಲಾಖೆಯ ನಿಯಮ ಬೇರೆ: ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್, ಜೊತೆಗೆ ಗ್ರಾಂಗೆ ಎಷ್ಟು ಎಂಬ ದರ. ಅರ್ಧ ಕಿಲೊ ಬಾಟಲಿಗೆ 200 ರೂಪಾಯಿ ಇಟ್ಟರೆ ಗ್ರಾಂಗೆ 40 ಪೈಸೆ ಅಂತ ಅಚ್ಚಾಗಬೇಕು. ಅದೇ ಇಲಾಖೆಯಲ್ಲಿ ಪ್ಯಾಕರ್ ಅಂತ ಹೆಸರನ್ನೂ ನೋಂದಾಯಿಸಬೇಕು.

ನೀವು ಕಳಿಸಿದ ಲೇಬಲ್ ಪೂರ್ತಿ ಕನ್ನಡದಲ್ಲಿದೆ, ನೋಡಿ ಖುಷಿಯಾಯಿತು. ಆದರೆ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು ಎನ್ನುತ್ತದೆ ನಿಯಮ, ಕನ್ನಡ ಜೊತೆಗಿರಬಹುದು. ನನಗಿದು ಹಿಡಿಸುವುದಿಲ್ಲ, ಆದರೂ ಇರುವುದು ಹಾಗೆ. ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಉಳಿಸಿಕೊಂಡು ವಿವರವನ್ನು ಇಂಗ್ಲಿಷ್‌ನಲ್ಲಿ ಹಾಕಿಸಿ.

ಹೊಸೂರು, ಕುಪ್ಪಂ ನಮಗೆ ಪಕ್ಕದೂರೇ ಇರಬಹುದು, ಜಿಎಸ್‌ಟಿಗೆ ಅವು ಹೊರರಾಜ್ಯ. ಗಡಿ ದಾಟಿಸಿ ಮಾರುವುದಾದರೆ ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿ ಬೇಕು. ಜಾಮ್ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ. ಹಳೇ ದರದಲ್ಲಿ ಬಿಲ್ ಬರೆಯುವವರು ಇನ್ನೂ ಇದ್ದಾರೆ, ನೋಡಿಕೊಳ್ಳಿ.

ಪ್ರಶ್ನೆ: ಬೆಂಗಳೂರು ಬ್ಲೂ ದ್ರಾಕ್ಷಿಯ ಜಾಮ್ ಮಾಡುತ್ತೇನೆ. ಗಿರಾಕಿಯೊಬ್ಬರು ಗಾಜಿನ ಪುಡಿ ಸಿಕ್ಕಿತು ಅಂತ ಜಗಳಕ್ಕೇ ಬಂದರು. ಬಾಟಲಿ ಒಡೆದಿರಲಿಲ್ಲ.
— ಓದುಗ, ಚಿಕ್ಕಬಳ್ಳಾಪುರ

ಉತ್ತರ: ಗಾಜಲ್ಲ, ದ್ರಾಕ್ಷಿಯದೇ ಹುಳಿ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಜಾಮ್ ತಣ್ಣಗಿದ್ದಾಗ ಹರಳುಗಟ್ಟುತ್ತದೆ, ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಹಣ್ಣು ಬೇಯಿಸಿ ಸೋಸಿದ ರಸವನ್ನು ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಅಲುಗಾಡಿಸದೆ ಮೇಲಿನದನ್ನು ಬಗ್ಗಿಸಿಕೊಳ್ಳಿ, ತಳದ ಗಸಿ ಬಿಡಿ. ಸಕ್ಕರೆ ಆಮೇಲೆ. ಆ ಗಿರಾಕಿಗೆ ಎರಡು ಹರಳು ಬಿಸಿನೀರಿಗೆ ಹಾಕಿ ತೋರಿಸಿ. ಗಾಜಾದರೆ ಕರಗುವುದಿಲ್ಲವಲ್ಲ.

ಪ್ರಶ್ನೆ: ನೇರಳೆ ಜಾಮ್‌ಗೆ ಸಕ್ಕರೆ ಬದಲು ಬೆಲ್ಲ ಹಾಕುತ್ತೇನೆ. "ಸಕ್ಕರೆ ಸೇರಿಸಿಲ್ಲ, ಸಕ್ಕರೆ ಕಾಯಿಲೆಗೆ ರಾಮಬಾಣ" ಅಂತ ಹಾಕಿಸಬಹುದೇ? ನಮ್ಮ ಮಾವನವರಿಗೆ ದಿನಾ ಇದನ್ನೇ ಕೊಡುತ್ತಿದ್ದೇನೆ.
— ಓದುಗಿ, ಗುಬ್ಬಿ

ಉತ್ತರ: ಎರಡನ್ನೂ ಹಾಕಿಸಬೇಡಿ. ಬೆಲ್ಲ ಕೂಡ ಬಹುಪಾಲು ಸಕ್ಕರೆಯೇ, ಸೇರಿಸಿ "ಸೇರಿಸಿಲ್ಲ" ಅಂದರೆ ಸುಳ್ಳಾಗುತ್ತದೆ. ಆಹಾರದ ಬಾಟಲಿ ಮೇಲೆ ಕಾಯಿಲೆ ವಾಸಿಮಾಡುವ ಮಾತು ಬರೆಯುವಂತೆಯೇ ಇಲ್ಲ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನೂ 1954ರ ಕಾಯ್ದೆಯೊಂದು ನಿಷೇಧಿಸಿದೆ. ಪದಾರ್ಥಗಳ ಪಟ್ಟಿಯಲ್ಲಿ ಬೆಲ್ಲ ಅಂತ ನೇರವಾಗಿ ಬರೆಯಿರಿ, ಬೆಲ್ಲದ ರುಚಿಗೇ ಕೊಳ್ಳುವವರು ಇದ್ದಾರೆ. ಮಾವನವರಿಗೆ ಕೊಡುವುದನ್ನು ಮಾತ್ರ ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.