ಉದ್ರಿ ಕೇಳೋದಕ್ಕೆ ಟ್ರೇನಿಂಗ್ ಇರಲಿಲ್ಲ

ಫೌಜಿನಲ್ಲಿ 17 ವರ್ಷ ಸರ್ವೀಸ್ ಮುಗಿಸಿ ಮುಂದಿನ ವರ್ಷ ಪೆನ್ಶನ್ ಮೇಲೆ ಗೋಕಾಕಿಗೆ ಬರುತ್ತೀರಿ, ಕೈಗೆ ಬರುವ ದುಡ್ಡಿನಲ್ಲಿ ಅಂಗಡಿ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಿ. ಎಂಥ ಅಂಗಡಿ ಅಂತ ನೀವು ಬರೆದಿಲ್ಲ, ಹಾಗಾಗಿ ನನ್ನ ಕಥೆಯನ್ನೇ ಹೇಳುತ್ತೇನೆ. ನಾನೂ ಹವಾಲ್ದಾರ್ ಆಗಿದ್ದವನು. ಈಗ ಆರು ವರ್ಷದಿಂದ ವಿಜಯಪುರ ಜಿಲ್ಲೆಯ ಇಂಡಿ ಕಡೆ, ನಮ್ಮೂರಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದೇನೆ.

ದುಡಿಮೆ ಕಷ್ಟ ಅನಿಸಲಿಲ್ಲ. ಕಷ್ಟ ಆಗಿದ್ದು ದುಡ್ಡು ಕೇಳೋದು. ಫೌಜಿನಲ್ಲಿ ತಿಂಗಳಾದರೆ ಪಗಾರ ತಾನಾಗಿ ಖಾತೆಗೆ ಬೀಳುತ್ತಿತ್ತು. ಇಲ್ಲಿ ಪರಿಚಯದವರು ಜೋಳದ ಚೀಲ ಇಳಿಸಿ, "ಫೌಜಿ ಸಾಹೇಬ್ರ, ಬರ್ಕೊಳ್ರಿ" ಅಂತ ಹಿಟ್ಟು ಒಯ್ಯುತ್ತಿದ್ದರು. ಸಾಹೇಬ್ರ ಅಂದಮೇಲೆ ಮುಗೀತು, ನಾನು ದೊಡ್ಡಸ್ತಿಕೆಯಿಂದ ಬರೆದುಕೊಳ್ಳುತ್ತಿದ್ದೆ. ಒಂಬತ್ತು ತಿಂಗಳಾದ ಮೇಲೆ ಹೆಂಡತಿ ವಹಿ ತೆಗೆದು ಕೂಡಿಸಿದಳು. 22 ಸಾವಿರ ಉದ್ರಿ! ಆ ತಿಂಗಳ ಕರೆಂಟ್ ಬಿಲ್ಲನ್ನು ಪೆನ್ಶನ್ ದುಡ್ಡಿನಿಂದ ಕಟ್ಟಿದ್ದೆವು. ಮರುದಿನದಿಂದ ಗಲ್ಲಾದ ಮೇಲೆ ಅವಳೇ ಕೂತಳು. ನಗುತ್ತಲೇ "ಹಿಂದಿಂದು ಕೊಟ್ಟು ಒಯ್ರಿ ಅಕ್ಕಾ" ಅನ್ನುತ್ತಾಳೆ, ಯಾರಿಗೂ ಸಿಟ್ಟು ಬರೋದಿಲ್ಲ. ನಾನು ಅದೇ ಮಾತು ಆಡಿದರೆ ಪರೇಡ್ ಮಾಡಿಸಿದಂಗೆ ಇರುತ್ತದಂತೆ.

ಇನ್ನೊಂದು ಪೆಟ್ಟು ಹಿಟ್ಟಿನಿಂದಲೇ ತಿಂದೆ. ನುಣ್ಣಗೆ ಬರಲಿ ಅಂತ ಕಲ್ಲನ್ನು ಜಾಸ್ತಿ ಬಿಗಿ ಮಾಡಿದ್ದೆ. ಹಿಟ್ಟು ಕೈ ಸುಡುವಷ್ಟು ಬಿಸಿಯಾಗಿ ಬಿತ್ತು. ಸಂಜೆ ಒಬ್ಬ ಅಜ್ಜಿ ಒಡೆದ ರೊಟ್ಟಿಯನ್ನೇ ಸೆರಗಲ್ಲಿ ಕಟ್ಟಿಕೊಂಡು ಬಂದಳು. "ಜಿಗಿನೇ ಇಲ್ಲೋ ತಮ್ಮಾ, ತಟ್ಟಿದ್ರ ಅಂಚಿಗೆ ಸೀಳ್ತೈತಿ." ನಾಲ್ಕು ಜನರ ಮುಂದೆ. ಆಮೇಲೆ ಪಕ್ಕದ ಊರಿನ ಹಳೇ ಗಿರಣಿಯಲ್ಲಿ ಮೂರು ವಾರ ಸುಮ್ನೆ ಕೂತು ನೋಡಿ ಕಲಿತೆ. ಅದನ್ನು ಮೊದಲೇ ಮಾಡಬೇಕಿತ್ತು. ನಿಮಗೆ ಇನ್ನೂ ಒಂದು ಆನ್ಯುವಲ್ ಲೀವ್ ಉಳಿದಿರುತ್ತದೆ ಅಲ್ವಾ? ಆ ರಜೆಯಲ್ಲಿ ನೀವು ಹಾಕಬೇಕು ಅಂತಿರುವಂಥದೇ ಅಂಗಡಿಯಲ್ಲಿ ಒಂದು ತಿಂಗಳು ನಿಲ್ಲಿ. ಚಹಾ ತಂದು ಕೊಡೋ ಕೆಲಸವಾದರೂ ಸರಿ.

ಇನ್ನು ದುಡ್ಡಿನ ಮಾತು. ಕಮ್ಯೂಟೇಶನ್‌ನಲ್ಲಿ (ಅಂದರೆ ಪೆನ್ಶನ್ನಿನ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ತಗೊಂಡರೆ) ಬರುವ ಗಂಟು ಇನಾಮಲ್ಲ. ಪೆನ್ಶನ್ನಿನ ಅರ್ಧದವರೆಗೆ ಮಾರಬಹುದು, ಆದರೆ ಅಷ್ಟು ಭಾಗ 15 ವರ್ಷ ತಿಂಗಳು ತಿಂಗಳು ಕಟ್ ಆಗುತ್ತದೆ. ಅದನ್ನೆಲ್ಲ ಅಂಗಡಿಗೆ ಸುರಿಯಬೇಡಿ. ನಾನು ಪಿಎಂಇಜಿಪಿ ಸಾಲ ತಗೊಂಡೆ, ಸ್ವಂತ ಉದ್ಯೋಗ ಶುರು ಮಾಡೋರಿಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಬ್ಯಾಂಕ್ ಸಾಲ ಅದು. ಅದರಲ್ಲಿ ಮಾಜಿ ಸೈನಿಕರು ವಿಶೇಷ ವರ್ಗಕ್ಕೆ ಬರುತ್ತೇವೆ. ಒಟ್ಟು ಖರ್ಚಿನಲ್ಲಿ ನಮ್ಮ ಕೈಯಿಂದ ಹಾಕೋದು 5% ಮಾತ್ರ, ಹಳ್ಳಿಯಲ್ಲಾದರೆ ಸಬ್ಸಿಡಿ 35%, ಪಟ್ಟಣದಲ್ಲಾದರೆ 25%. ಸಬ್ಸಿಡಿ ಕೈಗೆ ಸಿಗೋದಿಲ್ಲ, 3 ವರ್ಷ ಬ್ಯಾಂಕಿನಲ್ಲೇ ಡೆಪಾಸಿಟ್ ಆಗಿ ಇದ್ದು ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಅದು ಹೊಸ ಘಟಕಕ್ಕಷ್ಟೇ. ನನ್ನ ಜೊತೆಗಾರನೊಬ್ಬ ಅವಸರದಲ್ಲಿ ಮೊದಲು ಅಂಗಡಿ ತೆರೆದು, ಪೂಜೆ ಮಾಡಿಸಿ, ಆಮೇಲೆ ಅರ್ಜಿ ಹಿಡಿದು ಹೋದ. ವಾಪಸ್ ಕಳಿಸಿದರು.

ಹಾಗಾಗಿ ಮಳಿಗೆಗೆ ಅಡ್ವಾನ್ಸ್ ಕೊಡೋ ಮೊದಲೇ ಬೆಳಗಾವಿಯ ಸೈನಿಕ ಕಲ್ಯಾಣ ಕಚೇರಿಗೆ ಒಮ್ಮೆ ಹೋಗಿ, ಈಗ ಯಾವ ಯೋಜನೆ ನಡೆಯುತ್ತಿದೆ ಅಂತ ಕೇಳಿ ಬನ್ನಿ. ಡಿಸ್ಚಾರ್ಜ್ ಬುಕ್ ಒಯ್ಯೋದು ಮರೀಬೇಡಿ, ಝೆರಾಕ್ಸ್ ಎರಡು ಜಾಸ್ತಿಯೇ ಇರಲಿ.