ತಾಯಿ ಸುದ್ದಿ ಹೇಳುವುದನ್ನು ನಿಲ್ಲಿಸಿದಾಗ

ಊರಿನಲ್ಲಿ ಒಬ್ಬರೇ ಇರುವ ತಾಯಿ ಅಥವಾ ತಂದೆ, ಕೊಟ್ಟಿಗೆಯಲ್ಲಿ ಒಂದೆರಡು ಹಸು, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೌಕರಿಯಲ್ಲಿರುವ ಮಕ್ಕಳು. ಈ ಮೂರೂ ಸೇರಿದ ಪ್ರಕರಣ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಪ್ರತಿ ವರ್ಷವೂ ಬರುತ್ತದೆ. ಬರುವವರು ಮಕ್ಕಳು, ಕೇಳುವುದು ಒಂದೇ ಪ್ರಶ್ನೆ: ಹಸುಗಳನ್ನು ಮಾರಿ ನಮ್ಮ ಜೊತೆಗೆ ಬಂದಿರಲು ಅವರನ್ನು ಒಪ್ಪಿಸುವುದು ಹೇಗೆ? ಚರ್ಮಗಂಟು ರೋಗ ಹಬ್ಬಿದ್ದ 2022ರಲ್ಲಿ ಈ ಪ್ರಶ್ನೆ ಹೆಚ್ಚಾಯಿತು. ಹಸುವಿನ ಮೈಮೇಲೆ ಗಂಟು ಎದ್ದದ್ದನ್ನು ಮಕ್ಕಳಿಂದ ಮುಚ್ಚಿಟ್ಟ ಹಿರಿಯರ ಮಾತು ಆಗ ನನ್ನ ಕಿವಿಗೆ ಬಿದ್ದಿತ್ತು. ಏಕೆ ಮುಚ್ಚಿಟ್ಟರು ಎಂಬುದು ನನಗೆ ಚೆನ್ನಾಗಿ ಅರ್ಥವಾದದ್ದು ಆಮೇಲೆ ಬಂದ ಈ ಪ್ರಕರಣದಲ್ಲಿ. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ತಾಯಿಗೆ ಅರವತ್ತೈದು ದಾಟಿದೆ. ಊರು ತುಮಕೂರು ಜಿಲ್ಲೆಯಲ್ಲಿ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ಕರೆಯುವ ಹಸು ಒಂದು, ಅದರದೇ ಮಗಳಾದ ಕಡಸು ಒಂದು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಾರೆ; ಬಟವಾಡೆಯ ಹಣ, ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನ, ಎಲ್ಲವೂ ಅವರ ಖಾತೆಗೇ ಜಮಾ ಆಗುತ್ತದೆ. ಮಗ ಬೆಂಗಳೂರಿನಲ್ಲಿ ಖಾಸಗಿ ಕಂಪನಿಯೊಂದರಲ್ಲಿದ್ದಾನೆ. ಮಗಳು ಹಿರಿಯಳು, ಮದುವೆಯಾಗಿ ಬೇರೆ ಜಿಲ್ಲೆಯಲ್ಲಿದ್ದಾಳೆ. ಇಬ್ಬರಿಗೂ ತಾಯಿಯ ಮೇಲೆ ಪ್ರೀತಿಯಿದೆ. ಆ ಬಗ್ಗೆ ನನಗೆ ಯಾವತ್ತೂ ಅನುಮಾನ ಬರಲಿಲ್ಲ.

ಮಗ ಮೊದಲು ಒಬ್ಬನೇ ಬಂದ. ಅವನ ದೂರು ವಿಚಿತ್ರವಾಗಿತ್ತು: "ಅಮ್ಮ ಮಾತು ಕಮ್ಮಿ ಮಾಡಿಬಿಟ್ಟಿದ್ದಾರೆ ಮೇಡಂ." ಹಿಂದೆಲ್ಲ ಫೋನು ಮಾಡಿದರೆ ಅರ್ಧ ಗಂಟೆಯಾದರೂ ಬಿಡುತ್ತಿರಲಿಲ್ಲವಂತೆ. ಯಾರ ಮಗಳಿಗೆ ಸಂಬಂಧ ಕೂಡಿ ಬಂತು, ಹಸು ಬೆದೆಗೆ ಬಂದಿದ್ದರೂ ಗಬ್ಬ ಕಟ್ಟಿಸುವ ಇಂಜೆಕ್ಷನ್ನಿನವನು ಹೇಗೆ ಕೈಕೊಟ್ಟ, ಡೇರಿಯಲ್ಲಿ ಡಿಗ್ರಿ (ಹಾಲಿನ ಗಟ್ಟಿತನದ ಅಳತೆ) ಬರಲಿಲ್ಲವೆಂದು ಹಾಲು ಹೇಗೆ ವಾಪಸು ಕಳಿಸಿದರು, ಕೋತಿಗಳು ಯಾವ ಕಡೆಯ ಹೆಂಚು ಒಡೆದವು, ಪಕ್ಕದ ಮನೆಯ ಕೋಳಿ ರಾಗಿ ಹರವಿದ್ದಲ್ಲಿಗೆ ಬಂದು ಏನು ಮಾಡಿತು ಎಂಬುದೆಲ್ಲ ಒಂದೂ ಬಿಡದೆ ಬರುತ್ತಿತ್ತು. ಈಗ "ಊಟ ಆಯ್ತಾ" ಎಂದರೆ "ಆಯ್ತು", "ಆರಾಮಾ" ಎಂದರೆ "ಆರಾಮು", ಅಷ್ಟೇ. ಖಿನ್ನತೆಯೋ ಮರೆವಿನ ಕಾಯಿಲೆಯ ಆರಂಭವೋ ಎಂದು ಅವನಿಗೆ ಭಯ. ಅದು ನ್ಯಾಯವಾದ ಭಯವೇ. ವಯಸ್ಸಾದವರು ಮಾತು ಕಡಿಮೆ ಮಾಡಿದರೆ ಈ ಎರಡನ್ನೂ, ಜೊತೆಗೆ ಕಿವಿ ಮಂದವಾಗಿರುವುದನ್ನೂ ಮೊದಲು ಪರೀಕ್ಷಿಸಬೇಕು. ತಾಯಿಯನ್ನು ಕರೆದುಕೊಂಡು ಬರಲು ಹೇಳಿದೆ.

ಮಂಡಿನೋವು ತೋರಿಸುವ ನೆಪದಲ್ಲಿ ಅವನು ಕರೆತಂದ. ಆ ಭೇಟಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅವರು ಕುರ್ಚಿಯ ತುದಿಯಲ್ಲಿ ಕುಳಿತರು. ಮಗನೆದುರು ನಾನು ಕೇಳಿದ್ದಕ್ಕೆಲ್ಲ ಒಂದೊಂದೇ ಪದದ ಉತ್ತರ. ಆದರೆ ದಿನ, ತಿಂಗಳು, ಬಟವಾಡೆಯ ಮೊತ್ತ, ಹಸು ಎಷ್ಟು ತಿಂಗಳ ಗಬ್ಬ, ಯಾವುದರಲ್ಲೂ ತಡವರಿಸಲಿಲ್ಲ. ನೀರು ಕೊಟ್ಟಾಗ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡರು. ಬಲಗೈ ಬಂದಾಗಿನಿಂದಲೂ ಸೆರಗಿನ ಒಳಗೇ ಇತ್ತು. ಸ್ವಲ್ಪ ಹೊತ್ತು ಹೊರಗೆ ಕೂರಲು ಮಗನಿಗೆ ಹೇಳಿದೆ. ಬಾಗಿಲು ಹಾಕಿಕೊಂಡ ಮೇಲೆ "ಕಡಸು ಹೇಗಿದೆಯಮ್ಮಾ?" ಎಂದಷ್ಟೇ ಕೇಳಿದೆ. ಅವರು ಒಮ್ಮೆ ಬಾಗಿಲ ಕಡೆ ನೋಡಿ, ಸೆರಗಿನಿಂದ ಕೈ ಹೊರತೆಗೆದು ನನ್ನ ಮುಂದೆ ಚಾಚಿದರು. ಮಣಿಕಟ್ಟು ಊದಿಕೊಂಡಿತ್ತು.

ನೀರು ಕುಡಿಸಲು ತೊಟ್ಟಿಯ ಹತ್ತಿರ ಹಿಡಿದುಕೊಂಡು ಹೋಗುವಾಗ ಕಡಸು ಬೆದರಿ ಓಡಿತ್ತು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದರಿಂದ ಇವರೂ ಎಳೆಸಿಕೊಂಡು ಹೋಗಿ ಬಿದ್ದಿದ್ದರು. ಊರಿನಲ್ಲೇ ನಾಟಿ ಕಟ್ಟು ಹಾಕಿಸಿಕೊಂಡು, ಬೆಂಗಳೂರಿಗೆ ಹೊರಡುವ ಹಿಂದಿನ ದಿನ, ಮಗನ ಕಣ್ಣಿಗೆ ಬೀಳಬಾರದೆಂದು, ಅದನ್ನು ಬಿಚ್ಚಿಸಿ ಬಂದಿದ್ದರು. ಆಮೇಲೆ ಅವರು ಆಡಿದ ಮಾತನ್ನು ಅಂದೇ ಬರೆದಿಟ್ಟುಕೊಂಡೆ: "ಆ ಕಡಸನ್ನ ಕೊಟ್ಬುಡಾನ ಅಂತ ನನಗೂ ಮನಸ್ಸಲ್ಲೈತೆ ಕಣಮ್ಮಾ. ಅದು ನನ್ನ ಕೈಗೆ ಬಗ್ಗಾಕಿಲ್ಲ. ಆದ್ರೆ ಬಾಯಿ ಬಿಟ್ರೆ ಇವ್ರು ಕೊಟ್ಟಿಗೆನೇ ಖಾಲಿ ಮಾಡಿಸ್ತಾರೆ. ಅದಕ್ಕೇ ಸುಮ್ಕಿದೀನಿ."

ಹಿಂದೆ ಒಮ್ಮೆ ಕೊಟ್ಟಿಗೆಯಲ್ಲಿ ಜಾರಿದ್ದನ್ನು ಅವರು ಫೋನಿನಲ್ಲಿ ಸಹಜವಾಗಿ ಹೇಳಿಕೊಂಡಿದ್ದರು. ಮರುದಿನ ಮಗಳಿಂದ ಫೋನು, ಅದರ ಮರುದಿನ ಅಳಿಯನಿಂದ, ವಾರ ಕಳೆಯುವುದರೊಳಗೆ ದಲ್ಲಾಳಿಯೊಬ್ಬ ಹಸು ನೋಡಲು ಮನೆಯ ಬಾಗಿಲಿಗೆ ಬಂದಿದ್ದ. ಹೆಂಚು ಒಡೆದದ್ದನ್ನು ಹೇಳಿದಾಗ "ಆ ಮನೆಯಲ್ಲಿ ಒಬ್ಬಳೇ ಯಾಕೆ ಇರಬೇಕು" ಎಂಬ ಮಾತು ಬಂತು. ಡೇರಿಯವರ ಮೇಲೆ ಬೇಸರ ತೋಡಿಕೊಂಡರೆ "ಆ ಮೂರು ಕಾಸಿಗೆ ಯಾಕೆ ಒದ್ದಾಡ್ತೀಯಮ್ಮಾ" ಎಂದರು. ಅವರು ಕೊಟ್ಟ ಸುದ್ದಿಯೆಲ್ಲ ಅವರ ವಿರುದ್ಧವೇ ಸಾಕ್ಷಿಯಾಗುತ್ತಿತ್ತು. ಹಾಗಾಗಿ ಸುದ್ದಿ ಕೊಡುವುದನ್ನು ನಿಲ್ಲಿಸಿದರು. ಅವರ ಬುದ್ಧಿ ಚುರುಕಾಗಿಯೇ ಕೆಲಸ ಮಾಡುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಿರಲಿಲ್ಲ.

ಅವರು ಹೇಳಿದ್ದನ್ನು ನಾನಾಗಿ ಮಗನಿಗೆ ಹೇಳುವುದಿಲ್ಲವೆಂದೂ, ಆದರೆ ಕೈಯನ್ನು ವೈದ್ಯರಿಗೆ ತೋರಿಸಲೇಬೇಕೆಂದೂ, ಅದಕ್ಕಾಗಿ ಅವರೇ ಮಗನಿಗೆ ಹೇಳುವುದು ಒಳ್ಳೆಯದೆಂದೂ ತಿಳಿಸಿದೆ. ಬಹಳ ಹೊತ್ತು ಯೋಚಿಸಿ ಒಂದು ಷರತ್ತಿನ ಮೇಲೆ ಒಪ್ಪಿದರು: ಕೇಳಿದ ಮೇಲೆ ಅವನು ಹಸುವಿನ ಮಾತೆತ್ತಬಾರದು. ಮಗನನ್ನು ಒಳಗೆ ಕರೆದು, ಏನೆಂದು ತಿಳಿಸದೆಯೇ, ಆ ಮಾತು ಮೊದಲು ತೆಗೆದುಕೊಂಡೆ. ತಾಯಿ ಕೈ ತೋರಿಸಿದರು. ಅವನ ಮುಖ ಬಿಳಿಚಿಕೊಂಡಿತು. ಮರುಕ್ಷಣವೇ ಅವನ ಬಾಯಿಂದ ಬಂದದ್ದು, "ಅದಕ್ಕೇ ನಾನು ಹೇಳಿದ್ದು, ಆ ಹಸುಗಳನ್ನ..." ನಾನು ಕೈಯೆತ್ತಿ ತಡೆದೆ. ತಾಯಿ ಕೈಯನ್ನು ಆಗಲೇ ಸೆರಗಿನೊಳಕ್ಕೆ ಎಳೆದುಕೊಂಡಿದ್ದರು. ಅದನ್ನು ಅವನೂ ನೋಡಿದ. ನಾನು ವಿವರಿಸಿ ಹೇಳಬೇಕೆಂದುಕೊಂಡಿದ್ದ ಮಾತು ಅಲ್ಲಿಗೆ ಅನಗತ್ಯವಾಯಿತು. ಸ್ವಲ್ಪ ಸುಧಾರಿಸಿಕೊಂಡು ಅವನು ಕೇಳಿದ: "ಆಮೇಲೆ ಏನ್ ಮಾಡ್ದೆ ಅಮ್ಮಾ? ಹಾಲು ಯಾರು ಕರೆದ್ರು?" ತಾಯಿ ಹೇಳಲು ಶುರು ಮಾಡಿದರು. ಪಕ್ಕದ ಮನೆಯ ಸೊಸೆ ಬಂದು ಕರೆದುಕೊಟ್ಟದ್ದು, ಹೊಸ ಕೈಯೆಂದು ಹಸು ಮೊದಲ ದಿನ ಸೊರ ಬಿಡದೆ, ಎಂದರೆ ಹಾಲಿಳಿಸದೆ, ಸತಾಯಿಸಿದ್ದು, ಹಾಲು ನಿಂತು ಕೆಚ್ಚಲು ಬಾವು ಬಂದೀತೆಂದು ತಾವು ರಾತ್ರಿಯೆಲ್ಲ ಹೆದರಿದ್ದು, ಎಲ್ಲವೂ ಬಂತು. ಅಂದು ಸಂಜೆಯೇ ಎಕ್ಸ್‌ರೇ ಆಯಿತು. ಮಣಿಕಟ್ಟಿನ ಮೂಳೆಯಲ್ಲಿ ಸಣ್ಣ ಬಿರುಕು ಇತ್ತು.

ತಾಯಿ ಮಗ ಇಬ್ಬರಿಗೂ ನಾನು ಕೊಟ್ಟ ಸಲಹೆ ಹೀಗಿತ್ತು. ಮೂರು ತಿಂಗಳ ಕಾಲ ಫೋನಿನಲ್ಲಿ ಹಸು ಮಾರುವ ಪ್ರಸ್ತಾಪ ಬರಕೂಡದು. ಆ ಮಾತು ಆಡಲೇಬೇಕಿದ್ದರೆ ಊರಿಗೆ ಹೋಗಿ, ಎದುರು ಕುಳಿತು, ತಾಯಿ ಬಿಡುವಾಗಿದ್ದಾಗ ಆಡಬೇಕು. ತಾಯಿ ಬಿದ್ದರೆ, ಜ್ವರ ಬಂದರೆ, ಅಂದೇ ಹೇಳಬೇಕು. ಇದು ಕೊಟ್ಟು ತೆಗೆದುಕೊಳ್ಳುವ ಒಪ್ಪಂದ. ಒಬ್ಬರು ಮುರಿದರೆ ಇನ್ನೊಬ್ಬರದೂ ಮುರಿಯುತ್ತದೆ ಎಂಬುದನ್ನು ಇಬ್ಬರೆದುರೂ ಹೇಳಿದೆ. ಫೋನು ಮಾಡುವ ಹೊತ್ತನ್ನೂ ಬದಲಿಸಲು ಹೇಳಿದೆ. ಮಗ ಫೋನು ಮಾಡುತ್ತಿದ್ದುದು ಆಫೀಸು ಮುಗಿಸಿ ಬರುವ ದಾರಿಯಲ್ಲಿ, ಸಂಜೆ ಆರರ ಸುಮಾರಿಗೆ. ಡೇರಿ ಮುಚ್ಚುವುದರೊಳಗೆ ಹಾಲು ಹಾಕಿ ಬರಬೇಕಾದ ತಾಯಿ ಆ ಹೊತ್ತಿನಲ್ಲಿ ಯಾರ ಜೊತೆ ಮಾತಾಡಿಯಾರು? ಡೇರಿಯಿಂದ ಬಂದು, ಕೈಕಾಲು ತೊಳೆದು, ಉಂಡು ಕೂತ ಮೇಲೆ ಮಾಡು ಎಂದೆ. "ಊಟ ಆಯ್ತಾ" ಎಂಬುದಕ್ಕೆ ಒಂದೇ ಉತ್ತರ ಇರುವುದು. ಬದಲಿಗೆ ಹಸುವನ್ನು ವಿಚಾರಿಸು, ಹೆಂಚನ್ನು ವಿಚಾರಿಸು, ಪಕ್ಕದ ಮನೆಯ ಸೊಸೆಯನ್ನು ವಿಚಾರಿಸು ಎಂದೆ. ದಿನವಿಡೀ ದನದ ಜೊತೆ ಇರುವವರು ತಮ್ಮ ಮೈಯ ನೋವನ್ನು ನೇರವಾಗಿ ಹೇಳುವುದು ಕಡಿಮೆ. "ಹುಲ್ಲು ಹೊರೋಕೆ ಆಗ್ಲಿಲ್ಲ, ಅದಕ್ಕೆ ಇವತ್ತು ಹಸುಗೆ ಒಣಹುಲ್ಲೇ ಹಾಕಿದೆ" ಎಂದರೆ ಸೊಂಟ ನೋಯುತ್ತಿದೆ ಎಂದು ಕೇಳುವವರು ತಿಳಿಯಬೇಕು.

ಕಡಸನ್ನು ಕೊಡುವುದು ತಾಯಿಯದೇ ತೀರ್ಮಾನವಾಗಿತ್ತು, ಕೊಟ್ಟಾಯಿತು. ಹಸು ಒಂದು ಉಳಿಯಿತು. ಕೊಟ್ಟಿಗೆಯ ಗಂಜಲದ ನೆಲದ ಮೇಲೆ ಹಾಸಲು ರಬ್ಬರ್ ಮ್ಯಾಟು, ಬೆಳಗಿನ ಕತ್ತಲಲ್ಲಿ ಕರೆಯಲು ಒಳ್ಳೆಯ ಬಲ್ಬು, ಹುಲ್ಲು ಕೊಯ್ದು ತಂದು ಹಾಕಲು ಬಟವಾಡೆಯ ಹಣದಲ್ಲೇ ಕೂಲಿಗೆ ಒಬ್ಬ ಹುಡುಗ, ಹಗ್ಗವನ್ನು ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳದಿರುವುದು, ಮೂಳೆ ಸವೆತದ ಪರೀಕ್ಷೆ ಮತ್ತು ಚಿಕಿತ್ಸೆ: ಇವೂ ಸಲಹೆಯ ಭಾಗವೇ. ಆಪ್ತಸಲಹೆಯ ಕೋಣೆಯಲ್ಲಿ ರಬ್ಬರ್ ಮ್ಯಾಟಿನ ಮಾತು ಬರುವುದು ಕೆಲವರಿಗೆ ಆಶ್ಚರ್ಯವೆನಿಸಬಹುದು. ಆದರೆ ಮನಸ್ಸಿನ ಭಯ ನಿಜವಾದ ಅಪಾಯದ ಮೇಲೆ ನಿಂತಿರುವಾಗ ಆ ಅಪಾಯವನ್ನು ಕಡಿಮೆ ಮಾಡದೆ ಭಯದ ಬಗ್ಗೆ ಮಾತ್ರ ಮಾತಾಡುವುದು ಪ್ರಯೋಜನವಿಲ್ಲದ ಕೆಲಸ.

ಮಗಳಿಗೆ ಇದು ಹಿಡಿಸಲಿಲ್ಲ. ಮೂಳೆ ಬಿರುಕು ಬಿಟ್ಟ ಹೆಂಗಸನ್ನು ಮತ್ತೆ ಅದೇ ಕೊಟ್ಟಿಗೆಗೆ ಕಳಿಸಿದಿರಲ್ಲ, ನಾಳೆ ಏನಾದರೂ ಆದರೆ ಯಾರು ಹೊಣೆ ಎಂದು ಫೋನಿನಲ್ಲಿ ಕೇಳಿದಳು. ಅವಳ ಸಿಟ್ಟಿನ ಹಿಂದಿನ ಆತಂಕವನ್ನು ನಾನು ಗೌರವಿಸುತ್ತೇನೆ, ಆದರೂ ನನ್ನ ಸಲಹೆಯನ್ನು ಬದಲಿಸಲಿಲ್ಲ. ಏಕೆಂದರೆ, ಆ ತಾಯಿ ಬಿದ್ದದ್ದಕ್ಕಿಂತ, ಬಿದ್ದದ್ದನ್ನು ಮುಚ್ಚಿಟ್ಟು ಮುರಿದ ಕೈಯಲ್ಲೇ ದಿನ ದೂಡಿದ್ದು ಹೆಚ್ಚಿನ ಅಪಾಯ. ಮತ್ತು ಆ ಮುಚ್ಚುಮರೆಗೆ ಕಾರಣ ಹಸುವಲ್ಲ. ಹಸುಗಳನ್ನು ಬಲವಂತವಾಗಿ ಮಾರಿಸಿ ಅವರನ್ನು ಪೇಟೆಯ ಫ್ಲ್ಯಾಟಿಗೆ ತಂದಿದ್ದರೂ ಬಚ್ಚಲಲ್ಲಿ ಜಾರಬಹುದಿತ್ತು, ಅದನ್ನೂ ಅವರು ಹೇಳುತ್ತಿರಲಿಲ್ಲ. ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾನೂನು ಹೆತ್ತವರನ್ನು ಪೋಷಿಸುವ ಹೊಣೆಯನ್ನು ಮಕ್ಕಳ ಮೇಲೆ ಹೊರಿಸುತ್ತದೆ. ಅವರು ಎಲ್ಲಿರಬೇಕು, ಏನು ಸಾಕಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ಮಕ್ಕಳಿಗೆ ಕೊಡುವುದಿಲ್ಲ. ನೆಟ್ಟಗೆ ಯೋಚಿಸಬಲ್ಲ ಹಿರಿಯರ ತೀರ್ಮಾನ ನಮಗೆ ಒಪ್ಪಿಗೆಯಾಗದಿದ್ದರೂ ಅದು ತೀರ್ಮಾನವೇ.

ಹಾಗೆಂದು ಕೊಟ್ಟಿಗೆ ಇದ್ದರೆ ಸಾಕು, ಹಿರಿಯರು ಕ್ಷೇಮವಾಗಿರುತ್ತಾರೆ ಎಂದು ಯಾರೂ ತಿಳಿಯಬಾರದು. ವರ್ಷದಲ್ಲಿ ಒಂದು ದಿನವೂ ರಜೆಯಿಲ್ಲದ ಕೆಲಸ ಅದು. ನೆಂಟರ ಮದುವೆಗೆ ಹೋದವರು ಸಂಜೆ ಹಾಲು ಕರೆಯುವ ಹೊತ್ತಿಗೆ ಬಸ್ಸು ಹಿಡಿಯಬೇಕು. ಬೇರೆ ಪ್ರಕರಣಗಳಲ್ಲಿ, ದನ ಸಾಕಿ ಸಾಕಾಗಿ, ಮಾರಿ ಎಂದು ಹೇಳಲು ಮಕ್ಕಳು ಏನೆಂದುಕೊಳ್ಳುತ್ತಾರೋ ಎಂದು ಅಂಜುತ್ತಿದ್ದ ತಂದೆಗೆ ಮಾರಲು ನಾನೇ ಧೈರ್ಯ ಹೇಳಿದ್ದೇನೆ. ಮೌನದಲ್ಲೂ ವ್ಯತ್ಯಾಸವಿದೆ, ಅದನ್ನು ಮಕ್ಕಳು ಗಮನಿಸಬೇಕು. ಈ ತಾಯಿ ಮಗನ ಜೊತೆ ಮಾತ್ರ ಮಾತು ಬಿಟ್ಟಿದ್ದರು. ಪಕ್ಕದ ಮನೆಯವರೊಂದಿಗೆ, ಡೇರಿಯ ಸಾಲಿನಲ್ಲಿ, ಹಸುವಿನೊಂದಿಗೆ ಮೊದಲಿನಂತೆಯೇ ಇದ್ದರು. ಹಸು ಮೇವು ಬಿಟ್ಟರೂ ಗಮನಿಸದ, ಕರೆಯುವ ಹೊತ್ತು ಮೀರಿದರೂ ಏಳದ, ನಿದ್ದೆ ಊಟ ಕೆಟ್ಟಿರುವ, "ನಾನಿದ್ದು ಏನಾಗಬೇಕು" ಎನ್ನುವ ಹಿರಿಯರ ವಿಷಯ ಬೇರೆ. ಅಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಈಚೆಗೆ ಮಗ ಬಂದಿದ್ದ. ಫೋನು ಈಗ ಮತ್ತೆ ಉದ್ದವಾಗಿದೆಯಂತೆ. ಅದರಲ್ಲಿ ಅರ್ಧ ಅವನ ಮೇಲಿನ ಆಕ್ಷೇಪಣೆಯೇ: ಹೆಂಚು ಹೊದಿಸಲು ಆಳು ಕಳಿಸುತ್ತೇನೆಂದು ಹೇಳಿ ಇನ್ನೂ ಕಳಿಸಿಲ್ಲ, ಮಳೆ ಹಿಡಿದರೆ ಹುಲ್ಲೆಲ್ಲ ನೆನೆಯುತ್ತದೆ. ಇದನ್ನೆಲ್ಲ ಕೇಳಿಸಿಕೊಳ್ಳಲೇಬೇಕೇ ಎಂದು ಕೇಳಿದ. ಕೇಳಿಸಿಕೊಳ್ಳಬೇಕು, ಈ ವಾರವೇ ಆಳನ್ನೂ ಕಳಿಸಬೇಕು ಎಂದೆ. ಹಸು ಈಗ ಏಳು ತಿಂಗಳ ಗಬ್ಬ, ಹಾಲು ಬತ್ತಿಸುವ ಕಾಲ. ಕರು ಹಾಕುವ ಹೊತ್ತಿಗೆ ತಾಯಿಯ ಜೊತೆ ಯಾರಿರಬೇಕು, ಆಮೇಲೆ ಹಾಲು ಕರೆಯಲು ಆ ಕೈಗೆ ಶಕ್ತಿಯಿರುತ್ತದೆಯೇ, ಇಲ್ಲದಿದ್ದರೆ ಏನು ಮಾಡುವುದು ಎಂಬುದನ್ನು ತೀರ್ಮಾನಿಸಲು ಉಳಿದಿರುವುದು ಎರಡು ತಿಂಗಳು. ಮಗಳು ಇನ್ನೂ ಒಪ್ಪಿಲ್ಲ. ಮುಂದಿನ ಭೇಟಿಗೆ ಮೂವರೂ ಒಟ್ಟಿಗೆ ಬರಬೇಕೆಂದು ಹೇಳಿ ಕಳಿಸಿದ್ದೇನೆ. ಯಾವ ದಿನವಾದರೆ ಅನುಕೂಲ ಎಂಬುದನ್ನು ತಾಯಿಯನ್ನು ಕೇಳಿ ತಿಳಿಸುವುದಾಗಿ ಮಗ ಹೇಳಿದ್ದಾನೆ.