ಅತ್ತೆ ಹೋದ ಮೇಲೆ ದಿನವೇ ಸಾಗುತ್ತಿಲ್ಲ

ಪ್ರಶ್ನೆ: ಮಂಡ್ಯದವಳು, 51 ವರ್ಷ. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಆರು ವರ್ಷ ನೋಡಿಕೊಂಡೆ. ಯುಗಾದಿ ಹೊತ್ತಿಗೆ ತೀರಿಕೊಂಡರು. ಮಕ್ಕಳು ಬೆಂಗಳೂರಲ್ಲಿದ್ದಾರೆ, ಯಜಮಾನರು ಗದ್ದೆಯಲ್ಲಿ. ಹನ್ನೊಂದಕ್ಕೆಲ್ಲ ಮನೆಕೆಲಸ ಮುಗಿಯುತ್ತದೆ. ಆಮೇಲೆ ಯಾಕಾದರೂ ಬದುಕಿದ್ದೀನೋ ಅನಿಸುತ್ತದೆ. ಪಿಯುಸಿ ಪಾಸಾಗಿ ನಿಂತ ಓದು ಮುಂದುವರಿಸಲು ಆಸೆ. ‘ಈ ವಯಸ್ಸಲ್ಲಿ ಓದು ಯಾಕೆ? ಯಾರಿಗಾದರೂ ಸೇವೆ ಮಾಡು’ ಅಂತಾರೆ ನಾದಿನಿ. ನನ್ನ ಆಸೆ ಸ್ವಾರ್ಥವೇ?

ಉತ್ತರ: ಖಂಡಿತ ಅಲ್ಲಮ್ಮ. ಆರು ವರ್ಷ ಅತ್ತೆಯ ಉಸಿರಾಟಕ್ಕೆ ಕಿವಿಗೊಟ್ಟೇ ನಿದ್ದೆ ಮಾಡಿದವರು ನೀವು. ಆ ಸದ್ದು ನಿಂತರೆ ಮನೆ ಭಣಭಣ ಅನ್ನುವುದು ಸಹಜ, ಅಲ್ವಾ? ಆದರೆ ಊಟ, ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ ಡಾಕ್ಟರನ್ನು ಕಾಣಿ. ಸಾಯುವ ಯೋಚನೆ ಬಂದರಂತೂ ತಡ ಮಾಡಬೇಡಿ. ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ.

ನಿಮ್ಮ ಜಿಲ್ಲೆಯವರೇ ಆದ ದಾಸನದೊಡ್ಡಿಯ ಕಾಮೇಗೌಡರು ನೆನಪಾಗುತ್ತಾರೆ. ಕುರಿ ಕಾಯುತ್ತಿದ್ದವರು. ಬೆಟ್ಟದಲ್ಲಿ ಪ್ರಾಣಿ, ಪಕ್ಷಿಗಳಿಗೆ ಕುಡಿಯಲು ನೀರಿಲ್ಲ ಅಂತ ಕಟ್ಟೆ ತೋಡಲು ಶುರುಮಾಡಿದರು. ಕುರಿ ಮಾರಿದ ದುಡ್ಡನ್ನೂ ಅದಕ್ಕೇ ಹಾಕಿದರು. ಕುಂದಿನಿಬೆಟ್ಟದಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆ ಆದವು. 2022ರಲ್ಲಿ ಅವರು ತೀರಿಕೊಂಡರು. ನನಗೆ ಹಿಡಿಸಿದ್ದು ಏನೆಂದರೆ, ಅವರ ಕೆಲಸ ಅವರಿಗೆ ಸಿಕ್ಕಿದ್ದು ದಿನಾ ಕುರಿ ಹೊಡೆದುಕೊಂಡು ಹೋಗುತ್ತಿದ್ದ ದಾರಿಯಲ್ಲೇ.

ನಿಮ್ಮ ದಾರಿ ಯಾವುದು? ಅತ್ತೆಯ ಮಂಚದ ಪಕ್ಕ ನೀವು ಕಲಿತದ್ದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಿಮ್ಮಡಿ ಹಾಸಿಗೆಗೆ ಒತ್ತದಂತೆ ಮೀನಖಂಡದ ಕೆಳಗೆ ದಿಂಬಿಡಬೇಕು. ಗಂಜಿ ಕುಡಿಸುವಾಗ ತಲೆ, ಬೆನ್ನು ಎತ್ತಿ ಕೂರಿಸಬೇಕು, ಇಲ್ಲವಾದರೆ ನೆತ್ತಿಗೇರುತ್ತದೆ. ಡಾಕ್ಟರು ಇದನ್ನು ಎರಡು ನಿಮಿಷದಲ್ಲಿ ಹೇಳಿ ಕಳಿಸುತ್ತಾರೆ. ಕೈಗೆ ಬರಲು ವರ್ಷ ಬೇಕು. ಲಕ್ವ ಹೊಡೆದ ಅಪ್ಪನನ್ನು ಆಸ್ಪತ್ರೆಯಿಂದ ಮೊನ್ನೆ ತಾನೇ ಮನೆಗೆ ಕರೆತಂದ ಮಗಳೊಬ್ಬಳು ನಿಮ್ಮ ಬೀದಿಯಲ್ಲೇ ಇರಬಹುದು. ಎಲ್ಲಿ ಹಿಡಿದು ಎತ್ತಬೇಕು ಅಂತಲೇ ಅವಳಿಗೆ ಗೊತ್ತಿರುವುದಿಲ್ಲ. ವಾರಕ್ಕೆ ಎರಡು ದಿನ ಒಂದು ಗಂಟೆ ಹೋಗಿ ಬನ್ನಿ. ಅದಕ್ಕಿಂತ ಜಾಸ್ತಿ ಬೇಡ. ಇನ್ನೊಂದು ಆರು ವರ್ಷ ಹಾಗೇ ಸವೆಯುವುದು ನನಗಿಷ್ಟವಿಲ್ಲ.

ಇನ್ನು ಓದು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇರುವುದೇ ನಿಮ್ಮಂಥವರಿಗಾಗಿ. ಮನೆಯಲ್ಲಿದ್ದುಕೊಂಡೇ ಬಿ.ಎ. ಮಾಡಬಹುದು. ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಈ ವಾರವೇ ವಿಚಾರಿಸಿ. ಊಟವಾದ ಮೇಲಿನ ಎರಡು ಗಂಟೆ ಪುಸ್ತಕಕ್ಕೆ ಎತ್ತಿಡಿ. ಆಗ ನಾದಿನಿ ಫೋನ್ ಮಾಡಿದರೆ, ಓದ್ತಾ ಇದ್ದೀನಿ, ಸಂಜೆ ಮಾತಾಡೋಣ ಅನ್ನಿ.